ರಥವಿಲ್ಲದ ರಥಿಕನುಂಟೆ?

ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯಂಥ ಕಡೆ ಯಾರಾದರೂ ಇದ್ದಕ್ಕಿದ್ದಂತೆ ಕಣ್ಣು ನೆಟ್ಟು ಸಂಬಂಧವಿಲ್ಲದ ಮಾತಾಡತೊಡಗಿದರೆ, ಕೈಕಾಲು ಸೆಳೆದು ಬಿದ್ದರೆ, ಡಾಕ್ಟರಿಗಿಂತ ಮುಂಚೆ ತಾಯತ ಕಟ್ಟುವವರ ನೆನಪಾಗುವುದು ನಾಡಿನ ಬೇರೆ ಹಳ್ಳಿಗಳಂತೆ ಇಲ್ಲಿಯೂ ಉಂಟು. ‘ಗಾಳಿ ಸೋಕಿದೆ’, ‘ಮೈಮೇಲೆ ಬಂದಿದೆ’ ಎನ್ನುವ ವಿವರಣೆಯನ್ನು ಓದಿದವರು ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ. ಆದರೆ ಅದೇ ಓದಿದವರನ್ನು ‘ನಾನು ಎನ್ನುವ ಅರಿವು ಯಾರದು?’ ಎಂದು ಕೇಳಿದರೆ ಬಹಳ ಸಲ ಬರುವ ಉತ್ತರ ಇದು: ಮನಸ್ಸು ದೇಹಕ್ಕೆ ಸೇರಿದ್ದಲ್ಲ, ದೇಹದೊಳಗೆ ಇದ್ದು ಅದನ್ನು ನಡೆಸುತ್ತದೆ, ಮಿದುಳು ಅದರ ಕೈಯಲ್ಲಿರುವ ಸಾಧನ. ಒಂದು ದೇಹದೊಳಕ್ಕೆ ಬೇರೊಂದು ಚೇತನ ಬಂದು ಸೇರಬಹುದು ಎಂಬ ಹಳ್ಳಿಯ ನಂಬಿಕೆಯೂ, ದೇಹದೊಳಗಿನ ಚೇತನ ದೇಹದ್ದೇ ಅಲ್ಲ ಎಂಬ ಈ ಸುಶಿಕ್ಷಿತ ನಂಬಿಕೆಯೂ ಒಂದೇ ಬೇರಿನಿಂದ ಬಂದವು. ಮೊದಲನೆಯದನ್ನು ಖಂಡಿಸಲು ಯಾರಿಗೂ ಕಷ್ಟವಿಲ್ಲ. ಎರಡನೆಯದನ್ನು ಒರೆಗೆ ಹಚ್ಚುವುದು ಈ ಲೇಖನದ ಉದ್ದೇಶ. ಮನಸ್ಸಷ್ಟೇ ಅಲ್ಲದೆ ‘ನಾನು’ ಎಂಬ ಅರಿವೂ ಜೀವಂತ ಮಿದುಳು ಮಾಡುವ ಕೆಲಸ ಎಂಬುದು ನನ್ನ ವಾದ.

ಎದುರಾಳಿಯ ಮಾತನ್ನು ಮೊದಲು ಅದರ ಬಲವಾದ ರೂಪದಲ್ಲಿ ಹೇಳಬೇಕು. ಇದೇ ತಾಲ್ಲೂಕಿನಲ್ಲಿ ಅದರ ಎರಡು ಹಿರಿಯ ಪರಂಪರೆಗಳ ನೆಲೆಗಳಿವೆ: ಆವನಿಯಲ್ಲಿ ಶೃಂಗೇರಿ ಪರಂಪರೆಯ ಅದ್ವೈತ ಮಠ, ನರಸಿಂಹತೀರ್ಥದಲ್ಲಿ ಹದಿನೈದನೆಯ ಶತಮಾನದ ಶ್ರೀಪಾದರಾಜರ ವೃಂದಾವನವಿರುವ ದ್ವೈತ ಮಠ. ಆತ್ಮ ಒಂದೇ ಎಂದು ಒಬ್ಬರು, ಜೀವರು ಅನೇಕರೆಂದು ಇನ್ನೊಬ್ಬರು ಶತಮಾನಗಳಿಂದ ವಾದಿಸಿದ್ದಾರೆ. ಆದರೆ ‘ನಾನು’ ದೇಹವಲ್ಲ ಎಂಬಲ್ಲಿ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ. ಇಬ್ಬರಿಗೂ ಪ್ರಿಯವಾದದ್ದು ಕಠೋಪನಿಷತ್ತಿನ ರಥದ ಹೋಲಿಕೆ: ದೇಹ ರಥ, ಇಂದ್ರಿಯಗಳು ಕುದುರೆ, ಮನಸ್ಸು ಕಡಿವಾಣ, ಬುದ್ಧಿ ಸಾರಥಿ, ಆತ್ಮ ರಥಿಕ. ಇಂದಿನ ವಿದ್ಯಾವಂತರು ರಥದ ಜಾಗದಲ್ಲಿ ಮಿದುಳನ್ನಿಟ್ಟು ಅದೇ ಮಾತನ್ನು ಹೇಳುತ್ತಾರೆ. ಈ ನಿಲುವಿಗೆ ಮೂರು ಆಧಾರಗಳನ್ನು ಕೊಡಲಾಗುತ್ತದೆ. ಮೂರೂ ಗೌರವಕ್ಕೆ ಅರ್ಹವಾದವೇ.

1. ದೇಹ ಬಾಲ್ಯದಿಂದ ಮುಪ್ಪಿನವರೆಗೆ ಬದಲಾಗುತ್ತಲೇ ಇರುತ್ತದೆ. ಆದರೆ ಹತ್ತು ವರ್ಷದವನಾಗಿ ಕೆರೆಯಲ್ಲಿ ಈಜಿದವನೂ ಎಪ್ಪತ್ತರಲ್ಲಿ ಅದನ್ನು ನೆನೆಯುವವನೂ ಒಬ್ಬನೇ.

2. ವಿಚಾರಕ್ಕೆ ತೂಕವಿಲ್ಲ, ಬಣ್ಣವಿಲ್ಲ, ಇಂಥಲ್ಲಿದೆ ಎಂದು ತೋರಿಸಲು ಜಾಗವಿಲ್ಲ. ತೂಕವೂ ಜಾಗವೂ ಇರುವ ಮಿದುಳು ಅದಾಗಿರಲು ಸಾಧ್ಯವಿಲ್ಲ.

3. ಕೈ ಎತ್ತಬೇಕೆಂದು ಮನಸ್ಸು ಬಯಸುತ್ತದೆ, ಕೈ ಏಳುತ್ತದೆ. ಆಜ್ಞೆ ಮಾಡುವವರೂ ಆಜ್ಞೆ ಪಾಲಿಸುವವರೂ ಬೇರೆ ಬೇರೆಯಾಗಿರಲೇಬೇಕು.

ಈ ಮೂರಕ್ಕೆ ಆಮೇಲೆ ಬರೋಣ. ಮನಸ್ಸನ್ನೂ ಆತ್ಮವನ್ನೂ ಒಂದೇ ಎಂದುಕೊಳ್ಳುವ ಮೊದಲ ಗೊಂದಲವನ್ನು ಬಿಡಿಸಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ, ಶಾಸ್ತ್ರವೇ ಸಾಕು. ರಥದ ಹೋಲಿಕೆಯಲ್ಲಿ ಮನಸ್ಸು, ಬುದ್ಧಿಗಳು ರಥಿಕನ ಪಾಲಿಗೆ ಬಂದಿಲ್ಲ. ಅವು ರಥದ ಕಡೆಗೇ ಸೇರಿವೆ. ಸಾಂಖ್ಯರು ಬುದ್ಧಿ, ಅಹಂಕಾರ, ಮನಸ್ಸು ಮೂರನ್ನೂ ಪ್ರಕೃತಿಯ ವಿಕಾರಗಳೆಂದು ಎಣಿಸಿದರು. ಅಂದರೆ ‘ನಾನು’ ಎಂದು ಹೇಳಿಕೊಳ್ಳುವ ಸಾಮರ್ಥ್ಯವನ್ನೇ ಜಡದ ಕಡೆ ಇಟ್ಟರು. ಅದ್ವೈತಿಗಳಿಗೆ ಇವೆಲ್ಲ ಸೇರಿದ ಅಂತಃಕರಣ ಸೂಕ್ಷ್ಮಭೂತಗಳಿಂದಾದದ್ದು. ದ್ವೈತಿಗಳಿಗೂ ಮನಸ್ಸೆಂಬ ಇಂದ್ರಿಯ ಜಡವೇ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಅನ್ನ ಬಿಟ್ಟು ನೀರು ಮಾತ್ರ ಕುಡಿಯಲು ಹೇಳುತ್ತಾನೆ. ಆಮೇಲೆ ವೇದ ಹೇಳು ಎಂದರೆ ಮಗನಿಗೆ ಒಂದೂ ನೆನಪಾಗುವುದಿಲ್ಲ. ಉಂಡು ಬಂದ ಮೇಲೆ ಎಲ್ಲವೂ ನೆನಪಿಗೆ ಬರುತ್ತದೆ. ಅನ್ನದಿಂದಲೇ ಮನಸ್ಸು ಎಂದು ತಂದೆ ಸಾಧಿಸಿ ತೋರಿಸಿದ ಆ ಕ್ರಮ, ಕಾರಣವೊಂದನ್ನು ತೆಗೆದು ನೋಡಿ, ಮತ್ತೆ ಸೇರಿಸಿ ನೋಡುವ ಅಪ್ಪಟ ಪ್ರಯೋಗದ ಕ್ರಮ. ಆದ್ದರಿಂದ ಮನಸ್ಸು ಭೌತಿಕ ಎಂದ ಮಾತ್ರಕ್ಕೆ ಪರಂಪರೆಗೆ ಅಪಚಾರವಾಯಿತು ಎಂದು ಕೊರಗುವವರು ತಮ್ಮ ಪರಂಪರೆಯನ್ನೇ ಸರಿಯಾಗಿ ಕೇಳಿಸಿಕೊಂಡಿಲ್ಲ. ಶಾಸ್ತ್ರದ ಸೂಕ್ಷ್ಮಶರೀರ ಮಿದುಳಲ್ಲ, ಅದು ಸಾವಿನ ನಂತರವೂ ಸಂಸ್ಕಾರಗಳನ್ನು ಹೊತ್ತು ಸಾಗುತ್ತದೆ ಎಂದು ಅವರು ಹೇಳಬಹುದು. ಅದು ನ್ಯಾಯವಾದ ತಿದ್ದುಪಡಿ. ಆದರೆ ಅಲ್ಲಿಂದ ಮುಂದೆ ಪ್ರಶ್ನೆ ಶ್ರದ್ಧೆಯದಾಗಿ ಉಳಿಯುವುದಿಲ್ಲ, ಪುರಾವೆಯದಾಗುತ್ತದೆ: ನೆನಪು, ಬಯಕೆ, ನಿರ್ಧಾರ, ತನ್ನರಿವು ಇವು ಮಿದುಳಿನಿಂದ ಸ್ವತಂತ್ರವಾಗಿ ಎಲ್ಲಾದರೂ ಉಳಿದದ್ದನ್ನು ಕಂಡಿದ್ದೇವೆಯೆ?

ಮಿದುಳು ಬರಿಯ ಸಾಧನ ಎಂಬ ವಾದ ನಿಜವಾಗಿದ್ದರೆ, ಮಿದುಳಿಗೆ ಪೆಟ್ಟಾದಾಗ ಏನಾಗಬೇಕು? ರಥ ಮುರಿದಾಗ ರಥಿಕನ ಪಯಣ ನಿಲ್ಲುತ್ತದೆ. ಆದರೆ ಅವನ ಬಯಕೆ ಬದಲಾಗಬಾರದು, ರಥ ಮುರಿದದ್ದು ಅವನಿಗೆ ತಿಳಿಯದೆ ಇರಬಾರದು. ಇದನ್ನು ಪರೀಕ್ಷಿಸಲು ನಮ್ಮ ನಾಡಿನ ಬಚ್ಚಲುಮನೆಯಲ್ಲೇ ಒಂದು ಉದಾಹರಣೆಯಿದೆ. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತಲೆಯ ಮೇಲೆ ಹುಯ್ದುಕೊಳ್ಳುವಾಗ ಮಾತ್ರ ಬರುವ ಒಂದು ಬಗೆಯ ಮೂರ್ಛೆರೋಗ ದಕ್ಷಿಣ ಕರ್ನಾಟಕದಲ್ಲಿ ಜಗತ್ತಿನ ಬೇರೆಡೆಗಿಂತ ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಬಿಸಿಯಿರುತ್ತದೆ. ಮೂರ್ನಾಲ್ಕು ಚೊಂಬು ಬೀಳುವಷ್ಟರಲ್ಲಿ ದೃಷ್ಟಿ ಒಂದೇ ಕಡೆ ನಿಲ್ಲುತ್ತದೆ, ಕಾರಣವಿಲ್ಲದ ಭಯ ಆವರಿಸುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಮಾತು ಅಸಂಬದ್ಧವಾಗುತ್ತದೆ. ಕೆಲವರಿಗೆ ಭಯದ ಬದಲು ಸುಖವೆನಿಸುತ್ತದೆ. ಅವರು ನಿಲ್ಲಿಸಲಾಗದೆ ನೀರು ಹುಯ್ದುಕೊಳ್ಳುತ್ತಲೇ ಹೋಗಿ ಎಚ್ಚರ ತಪ್ಪುತ್ತಾರೆ. ಇಲ್ಲಿ ಬದಲಾದದ್ದು ಕೈಕಾಲಿನ ಚಲನೆ ಮಾತ್ರವಲ್ಲ. ಹೆದರಿದವರು ಯಾರು, ಇನ್ನೊಂದು ಚೊಂಬು ಬೇಕೆಂದು ಬಯಸಿದವರು ಯಾರು? ರಥಿಕ ಬಯಸಿದ ಎನ್ನುವುದಾದರೆ, ರಥಿಕನ ಬಯಕೆಯನ್ನು ತಲೆಯ ಮೇಲಿನ ಬಿಸಿನೀರು ಹುಟ್ಟಿಸಿದಂತಾಯಿತು. ಬಯಸಿದ್ದು ರಥ ಎನ್ನುವುದಾದರೆ, ಬಯಕೆ ಮಿದುಳಿನದೇ ಎಂದು ಒಪ್ಪಿದಂತಾಯಿತು. ನೀರಿನ ಬಿಸಿ ತಗ್ಗಿಸಿದರೆ, ಅಗತ್ಯವಿದ್ದವರಿಗೆ ಸ್ನಾನಕ್ಕೆ ಮೊದಲು ಕ್ಲೋಬಜಾಮ್‌ನಂಥ ಮಾತ್ರೆ ಕೊಟ್ಟರೆ, ಹೆಚ್ಚಿನವರಲ್ಲಿ ಭಯವೂ ಸುಖವೂ ದೃಶ್ಯಗಳೂ ಬಾರದೆ ಹೋಗುತ್ತವೆ. ರೋಗ ಕುಟುಂಬಗಳಲ್ಲಿ ಹರಿದುಬರುವುದೂ ಉಂಟು. ಅಂಥ ಕುಟುಂಬಗಳನ್ನು ಪರೀಕ್ಷಿಸಿದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರ ನಂಟನ್ನು ಗೊತ್ತಾದ ವರ್ಣತಂತು ಭಾಗಗಳವರೆಗೆ ಹಿಂಬಾಲಿಸಿದ್ದಾರೆ.

ಇದಕ್ಕಿಂತ ಆಳದ ಪುರಾವೆ ತನ್ನರಿವೇ ಮುರಿಯುವ ಪ್ರಸಂಗಗಳಲ್ಲಿದೆ. ಮಿದುಳಿನ ಬಲಭಾಗದಲ್ಲಿ ರಕ್ತಸಂಚಾರ ನಿಂತು ಎಡಗೈ, ಎಡಗಾಲುಗಳಿಗೆ ಲಕ್ವ ಹೊಡೆದ ಕೆಲವು ರೋಗಿಗಳು ತಮಗೆ ಏನೂ ಆಗಿಲ್ಲವೆಂದು ಸಾಧಿಸುತ್ತಾರೆ. ಕೈ ಎತ್ತಿ ಎಂದರೆ ಎತ್ತಿದ್ದೇನೆ ಎನ್ನುತ್ತಾರೆ; ಎದುರಿಗೆ ಬಿದ್ದಿರುವ ಕೈ ತಮ್ಮದಲ್ಲ, ಬೇರೆಯವರದು ಎನ್ನುವವರೂ ಇದ್ದಾರೆ. ಫ್ರಾನ್ಸಿನ ನರವೈದ್ಯ ಜೋಸೆಫ್ ಬಾಬಿನ್‌ಸ್ಕಿ 1914ರಲ್ಲೇ ಇದಕ್ಕೆ ಹೆಸರಿಟ್ಟ. ಇವರಲ್ಲಿ ಹಲವರ ಮಾತು, ಲೆಕ್ಕ, ಹಳೆಯ ನೆನಪು ಎಲ್ಲ ನೆಟ್ಟಗಿರುತ್ತವೆ. ಇವರು ಸುಳ್ಳು ಹೇಳುತ್ತಿರುವುದೂ ಇಲ್ಲ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಇಂಥ ಒಬ್ಬ ಮಹಿಳೆಯ ಎಡಗಿವಿಗೆ ತಣ್ಣೀರು ಬಿಟ್ಟು ನೋಡಿದರು. ಒಳಗಿವಿಯ ಸಮತೋಲದ ಅಂಗ ಕೆರಳಿ ಮಿದುಳಿನ ಬಲಭಾಗ ಚುರುಕಾಯಿತು. ಆಗ ಆಕೆ ತನ್ನ ಕೈ ಹಲವು ದಿನಗಳಿಂದ ಸೋತಿದೆ ಎಂದು ಸ್ಪಷ್ಟವಾಗಿ ಒಪ್ಪಿಕೊಂಡರು. ಪರಿಣಾಮ ಇಳಿದ ಮೇಲೆ ಮತ್ತೆ ಮೊದಲಿನಂತೆ ನಿರಾಕರಿಸಿದರು. ನಡುವೆ ಒಪ್ಪಿಕೊಂಡದ್ದನ್ನೂ ನಿರಾಕರಿಸಿದರು. ಮಿದುಳು ಬರಿಯ ಸಾಧನ ಎಂಬ ವಾದ ಇದಕ್ಕೆ ಉತ್ತರ ಕೊಡಲಾರದು. ರಥದ ಗಾಲಿ ಕಳಚಿದರೆ ಕಳಚಿದ್ದನ್ನು ಕಾಣುವುದಕ್ಕೇ ರಥಿಕ ಇರುವುದು. ಗಾಲಿ ಕಳಚಿದ್ದು ತಿಳಿಯುವ ಶಕ್ತಿಯೂ ಗಾಲಿಯ ಜೊತೆಗೇ ಕಳಚಿಹೋಗುತ್ತದೆಂದರೆ, ಕಿವಿಗೆ ಬಿಟ್ಟ ತಣ್ಣೀರಿಗೆ ಅದು ಕೊಂಚ ಹೊತ್ತು ಮರಳಿ ಬಂದು ಮತ್ತೆ ಹೋಗುತ್ತದೆಂದರೆ, ತಿಳಿಯುವವನು ರಥದ ಹೊರಗಿನವನಲ್ಲ. ಜೀವನೇ ಸ್ವತಃ ತಿಳಿಯುವವನು, ಅವನೇ ಕರ್ತೃ ಎಂಬ ದ್ವೈತದ ದಿಟ್ಟ ನಿಲುವಿಗೆ ಈ ಪ್ರಸಂಗ ನೇರವಾಗಿ ತಾಗುತ್ತದೆ.

‘ನಾನು ಒಬ್ಬನೇ’ ಎಂಬ ಏಕತೆಯೂ ನರಗಳ ಜೋಡಣೆಯನ್ನು ಅವಲಂಬಿಸಿದೆ. ಹತೋಟಿಗೆ ಬಾರದ ಮೂರ್ಛೆಗೆ ಚಿಕಿತ್ಸೆಯಾಗಿ ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ದಪ್ಪ ನರಪಟ್ಟಿಯನ್ನು ಕತ್ತರಿಸಿದ ರೋಗಿಗಳನ್ನು ಅಮೆರಿಕದಲ್ಲಿ ರೋಜರ್ ಸ್ಪೆರಿ, ಮೈಕೆಲ್ ಗ್ಯಾಜಾನಿಗಾ ಪರೀಕ್ಷಿಸಿದರು. ಸ್ಪೆರಿಗೆ 1981ರಲ್ಲಿ ನೊಬೆಲ್ ಬಂತು. ಒಬ್ಬ ರೋಗಿಯ ಎಡ ಮಿದುಳಿಗೆ ಮಾತ್ರ ಕಾಣುವಂತೆ ಕೋಳಿಯ ಕಾಲನ್ನೂ, ಬಲ ಮಿದುಳಿಗೆ ಮಾತ್ರ ಕಾಣುವಂತೆ ಹಿಮ ಬಿದ್ದ ಮನೆಯನ್ನೂ ತೋರಿಸಲಾಯಿತು. ಎದುರಿಗಿದ್ದ ಚಿತ್ರಗಳಲ್ಲಿ ಅವನ ಬಲಗೈ ಕೋಳಿಯನ್ನು ಆರಿಸಿತು, ಎಡಗೈ ಹಿಮ ಬಾಚುವ ಸಲಿಕೆಯನ್ನು ಆರಿಸಿತು. ಸಲಿಕೆ ಯಾಕೆ ಎಂದು ಕೇಳಿದಾಗ, ಮಾತಾಡಬಲ್ಲ ಆದರೆ ಹಿಮವನ್ನು ಕಂಡಿರದ ಎಡ ಮಿದುಳು ಒಂದಿಷ್ಟೂ ತಡವರಿಸದೆ, ಕೋಳಿಗೂಡು ಚೊಕ್ಕಟ ಮಾಡಲು ಸಲಿಕೆ ಬೇಕಲ್ಲ ಎಂದಿತು. ಇಂಥವರಲ್ಲಿ ಎರಡು ವ್ಯಕ್ತಿಗಳು ಹುಟ್ಟಿದರು ಎನ್ನುವುದು ಅತಿಯಾದೀತು. ದಿನನಿತ್ಯದ ಬದುಕಿನಲ್ಲಿ ಅವರು ಒಬ್ಬರಂತೆಯೇ ನಡೆಯುತ್ತಾರೆ. ಆದರೆ ‘ನಾನು ಇದನ್ನು ಇದಕ್ಕಾಗಿ ಮಾಡಿದೆ’ ಎಂದು ಒಳಗಿನಿಂದ ಕಾಣುವ ಕಥನವನ್ನು ಮಿದುಳಿನ ಒಂದು ಭಾಗ ಸಿಕ್ಕ ಸಂಗತಿಗಳಿಂದ ಹೆಣೆಯುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ನೆನಪಿನ ಪುರಾವೆಯೂ ಹೀಗೆಯೇ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬಾತನ ಮಿದುಳಿನ ಎರಡೂ ಕಡೆಯ, ನೆನಪು ಕಟ್ಟಲು ಬೇಕಾದ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದ ಮೇಲೆ, 2008ರಲ್ಲಿ ಸಾಯುವವರೆಗೂ ಬದುಕಿನ ಹೊಸ ಘಟನೆಗಳು ಆತನ ನೆನಪಿನಲ್ಲಿ ನಿಲ್ಲಲಿಲ್ಲ. ನೆನಪನ್ನು ಹೊರುವುದು ಮಿದುಳಿನಾಚೆಯ ಸೂಕ್ಷ್ಮಶರೀರವಾಗಿದ್ದರೆ, ಎಲ್ಲ ಸಂಸ್ಕಾರಗಳನ್ನೂ ಇನ್ನೊಂದು ಜನ್ಮಕ್ಕೆ ದಾಟಿಸಬಲ್ಲ ಅದು, ಬೆರಳುದ್ದದ ಒಂದು ಅಂಗಾಂಶವಿಲ್ಲದೆ ಬೆಳಗಿನ ಊಟವನ್ನು ಮಧ್ಯಾಹ್ನಕ್ಕೆ ದಾಟಿಸಲಾರದೆ ಹೋದದ್ದೇಕೆ?

ಇಲ್ಲಿಗೆ ಬಂದಾಗ ಅದ್ವೈತದ ಕಡೆಯಿಂದ ಗಂಭೀರ ಆಕ್ಷೇಪವೊಂದು ಏಳುತ್ತದೆ: ನೀವು ಕಳಚಿದ್ದೆಲ್ಲ ಅಂತಃಕರಣದ ಧರ್ಮಗಳು, ನೆನಪು, ಬಯಕೆ, ನಿರ್ಧಾರ ನಾನಲ್ಲ ಎಂದು ನಾವೂ ಹೇಳುತ್ತೇವೆ, ಅವೆಲ್ಲವನ್ನೂ ಸುಮ್ಮನೆ ಬೆಳಗುವ ಸಾಕ್ಷಿಯೇ ಆತ್ಮ. ಈ ಆಕ್ಷೇಪದ ತಾತ್ವಿಕ ಘನತೆಯನ್ನು ನಾನು ಒಪ್ಪುತ್ತೇನೆ. ಆದರೆ ಅದರ ಬೆಲೆಯನ್ನೂ ನೋಡಬೇಕು. ಹೆಸರು, ನೆನಪು, ಸ್ವಭಾವ, ಪ್ರೀತಿ, ಆಯ್ಕೆ ಯಾವುದೂ ಇಲ್ಲದ ಆ ಸಾಕ್ಷಿ ನನ್ನದೆಂದೂ ನಿಮ್ಮದೆಂದೂ ಗುರುತಿಸಲು ಏನೂ ಉಳಿದಿಲ್ಲ. ಅದ್ವೈತ ಇದನ್ನು ಧೈರ್ಯವಾಗಿ ಒಪ್ಪಿಕೊಂಡೇ ಆತ್ಮ ಒಂದೇ ಎಂದಿತು. ಹಾಗಾದರೆ, ಸತ್ತ ತಾಯಿ ಎಲ್ಲೋ ಇದ್ದು ನಮ್ಮನ್ನು ನೆನೆಯುತ್ತಿದ್ದಾಳೆ ಎಂಬ, ಜನ ನಿಜವಾಗಿ ಹಿಡಿದುಕೊಂಡಿರುವ ನಂಬಿಕೆಗೆ ಈ ಸಾಕ್ಷಿ ಆಸರೆಯಾಗಲಾರದು. ಸಾಮಾನ್ಯ ನಂಬಿಕೆಯ ಗೊಂದಲ ಇರುವುದೇ ಇಲ್ಲಿ. ಟೀಕೆ ಎದುರಾದಾಗ ಅದು ನಿರ್ಗುಣ ಸಾಕ್ಷಿಯ ಮರೆಗೆ ಸರಿಯುತ್ತದೆ. ಟೀಕೆ ತಣ್ಣಗಾದಾಗ ನೆನಪು, ಬಯಕೆಗಳಿರುವ ಜೀವವನ್ನು ಮತ್ತೆ ಹೊರತರುತ್ತದೆ. ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕು. ಗುಣಗಳಿರುವ ‘ನಾನು’ ಪುರಾವೆಗೆ ಸಿಗುತ್ತದೆ, ಮತ್ತು ಪುರಾವೆ ಅದನ್ನು ಮಿದುಳಿನಲ್ಲಿಡುತ್ತದೆ. ಗುಣಗಳಿಲ್ಲದ ಸಾಕ್ಷಿ ಪುರಾವೆಗೆ ಸಿಗದು. ಆದ್ದರಿಂದಲೇ ಅದನ್ನು ಮುಂದಿಟ್ಟು ನರವಿಜ್ಞಾನವನ್ನು ಅಲ್ಲಗಳೆಯುವ ಹಕ್ಕೂ ಇಲ್ಲ.

ಇನ್ನೊಂದು ಆಕ್ಷೇಪ ಅನುಭವದ ಹೆಸರಿನಲ್ಲಿ ಬರುತ್ತದೆ: ಪೂರ್ವಜನ್ಮ ಹೇಳುವ ಮಕ್ಕಳಿದ್ದಾರೆ, ಸಾವಿನ ಅಂಚಿನಿಂದ ಮರಳಿದವರಿದ್ದಾರೆ. ಈ ಎರಡನ್ನೂ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ, ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ, ಹಲವು ವರ್ಷ ಶ್ರದ್ಧೆಯಿಂದ ಅಧ್ಯಯನ ಮಾಡಿದರು. ಚನ್ನಪಟ್ಟಣ ಭಾಗದ ಹಳ್ಳಿಗಳಲ್ಲಿ ಮರಣಸಮೀಪದ ಅನುಭವಗಳ ಸಮೀಕ್ಷೆಯೂ ನಡೆಯಿತು. ಇವನ್ನು ಗೇಲಿ ಮಾಡುವುದು ತಪ್ಪು, ತೂಗಿ ನೋಡುವುದು ಸರಿ. ಪೂರ್ವಜನ್ಮದ ವರದಿಗಳು ಉತ್ತರ ಭಾರತದಲ್ಲಿ ಹೇರಳ, ದಕ್ಷಿಣದಲ್ಲಿ ಬಲು ವಿರಳ. ಯಾಕೆ ಹೀಗೆ ಎಂದು ಪಸ್ರೀಚಾ ಅವರೇ ಒಂದು ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಜೀವಗಳು ಎಲ್ಲೆಡೆ ಒಂದೇ ನಿಯಮದಂತೆ ಮರಳಿ ಹುಟ್ಟುವುದಾದರೆ ನೆನಪು ಹೀಗೆ ಪ್ರಾಂತ್ಯ ನೋಡಿ ಬರಲು ಕಾರಣವಿಲ್ಲ. ಮಗುವಿನ ಮಾತನ್ನು ಸುತ್ತಲಿನವರು ಹೇಗೆ ಕೇಳಿಸಿಕೊಳ್ಳುತ್ತಾರೆ, ಹೇಗೆ ಬೆಳೆಸುತ್ತಾರೆ ಎಂಬುದು ನಿರ್ಣಾಯಕವಾದರೆ ಕಾರಣವುಂಟು. ಬಹುಪಾಲು ಪ್ರಕರಣಗಳಲ್ಲಿ ಈಗಿನ ಮನೆಯವರೂ ಹಿಂದಿನ ಜನ್ಮದ್ದೆನ್ನಲಾದ ಮನೆಯವರೂ ಭೇಟಿಯಾದ ಮೇಲೆಯೇ ಮಗುವಿನ ಹೇಳಿಕೆಗಳು ದಾಖಲಾಗಿವೆ ಎಂಬುದೂ ದೊಡ್ಡ ಕೊರತೆ. ಉತ್ತರ ಭಾರತದಲ್ಲಿ ಸಾವಿನ ಅಂಚಿನಿಂದ ಮರಳಿದವರು ಯಮದೂತರು ಹೆಸರು ತಪ್ಪಿ ಎಳೆದೊಯ್ದು ಹಿಂದಕ್ಕೆ ಕಳಿಸಿದರು ಎನ್ನುತ್ತಾರೆ. ಪಶ್ಚಿಮದವರು ಸುರಂಗವನ್ನೂ ಬೆಳಕನ್ನೂ ಕಾಣುತ್ತಾರೆ. ಕಂಡದ್ದು ಬೆಳೆದ ಸಂಸ್ಕೃತಿಗೆ ತಕ್ಕಂತಿದೆ. ದೇಹದ ಹೊರಗೆ ತೇಲಿದ ಅನುಭವವಂತೂ ಆಸ್ಪತ್ರೆಯಲ್ಲೇ ಉಂಟಾಗಿದೆ: 2002ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ತಂಡ ಮೂರ್ಛೆರೋಗಿಯೊಬ್ಬರ ಬಲ ಮಿದುಳಿನ ಒಂದು ತಾಣಕ್ಕೆ ಸಣ್ಣ ವಿದ್ಯುತ್ ಹರಿಸಿದಾಗ, ಆಕೆ ಮೇಲಿನಿಂದ ಹಾಸಿಗೆಯ ಮೇಲಿನ ತನ್ನ ದೇಹವನ್ನು ಕಂಡದ್ದಾಗಿ ಹೇಳಿದರು. ವಿದ್ಯುತ್ ನಿಲ್ಲಿಸಿದಾಗ ಅನುಭವವೂ ನಿಂತಿತು. ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು ಎಂಬ ತರ್ಕಕ್ಕೂ ಇಲ್ಲೇ ಉತ್ತರವಿದೆ. ಇಲ್ಲಿ ಬರಿಯ ಜೊತೆಗಿರುವಿಕೆ ಕಂಡಿಲ್ಲ. ಕೈಯಿಟ್ಟಾಗ ಬಂದದ್ದು ಕೈ ತೆಗೆದಾಗ ಹೋಗಿದೆ.

ಹಾಗಾದರೆ ಮೊದಲು ಹೇಳಿದ ಮೂರು ಆಧಾರಗಳ ಗತಿಯೇನು? ದೇಹ ಬದಲಾದರೂ ‘ನಾನು’ ಉಳಿಯುತ್ತೇನೆ ಎಂಬುದು ದೇಹದ ಎಲ್ಲ ಭಾಗಗಳೂ ಸಮನಾಗಿ ಬದಲಾಗುತ್ತವೆ ಎಂದುಕೊಂಡು ಮಾಡಿದ ವಾದ. ಚರ್ಮ, ರಕ್ತಗಳ ಕೋಶಗಳು ಸತ್ತು ಹುಟ್ಟುತ್ತಿರುತ್ತವೆ. ಆದರೆ ಮಿದುಳಿನ ತೊಗಟೆಯ ನರಕೋಶಗಳಲ್ಲಿ ಬಹುಪಾಲು ನಮ್ಮ ಜೊತೆ ಹುಟ್ಟಿ ನಮ್ಮ ಜೊತೆಗೇ ಸಾಯುತ್ತವೆ. ಇಡೀ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳ ನಡುವಿನ ಜೋಡಣೆಯಲ್ಲಿ ಕೆರೆಯಲ್ಲಿ ಈಜಿದ ನೆನಪು ಉಳಿದುಬಂದಿದೆ. ಆ ಜೋಡಣೆ ಶಿಥಿಲವಾಗುವ ಆಲ್ಝೈಮರ್ ಕಾಯಿಲೆಯಲ್ಲಿ ‘ಒಬ್ಬನೇ’ ಎಂಬ ನಿರಂತರತೆಯೂ ಕರಗುತ್ತದೆ. ಎರಡನೆಯದು, ವಿಚಾರಕ್ಕೆ ತೂಕವಿಲ್ಲವೆಂಬ ಮಾತು. ಉಸಿರಾಟಕ್ಕೂ ಜೀರ್ಣಕ್ರಿಯೆಗೂ ತೂಕವಿಲ್ಲ. ತೂಕವಿರುವುದು ಶ್ವಾಸಕೋಶಕ್ಕೆ, ಜಠರಕ್ಕೆ. ಕ್ರಿಯೆಯನ್ನು ವಸ್ತುವೆಂದು ಎಣಿಸಿದ್ದರಿಂದ ಹುಟ್ಟಿದ ಕಷ್ಟ ಅದು. ದೇಹದ ತೂಕದ ನೂರಕ್ಕೆ ಎರಡು ಪಾಲಿರುವ ಮಿದುಳು ವಿಶ್ರಾಂತ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಬಳಸುತ್ತದೆ; ತೂಕವಿಲ್ಲದ ಆ ಕ್ರಿಯೆಯ ಖರ್ಚು ಅದು. ಮೂರನೆಯದರಲ್ಲಿ, ಆಜ್ಞೆ ಮಾಡುವ ಮನಸ್ಸು ಮಿದುಳಿನ ಒಂದು ಜಾಲ, ಪಾಲಿಸುವುದು ಇನ್ನೊಂದು ಜಾಲ ಎಂದರೆ ಸಾಕು, ಹೊರಗಿನವರೊಬ್ಬರು ಬೇಕಾಗಿಲ್ಲ. ‘ಇದು ನನ್ನ ಕೈ’ ಎಂಬ ಅರಿವೂ ಪ್ರತಿಕ್ಷಣ ಕಟ್ಟಿಕೊಳ್ಳುವಂಥದು. ನಿಜವಾದ ಕೈಯನ್ನು ಮರೆಮಾಡಿ, ಎದುರಿಗೆ ರಬ್ಬರಿನ ಕೈಯಿಟ್ಟು, ಎರಡನ್ನೂ ಒಂದೇ ಲಯದಲ್ಲಿ ಕುಂಚದಿಂದ ಸವರಿದರೆ ಸ್ವಲ್ಪ ಹೊತ್ತಿನಲ್ಲಿ ಸ್ಪರ್ಶ ರಬ್ಬರಿನ ಕೈಯಲ್ಲೇ ಆದಂತೆ ಅನೇಕರಿಗೆ ಅನಿಸುತ್ತದೆ. 1998ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಕನ್ನಡಿಯಲ್ಲಿ ಕಂಡದ್ದು ತಾನೇ ಎಂಬ ಗುರುತು ಮಗುವಿಗೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷದ ಹೊತ್ತಿಗೆ ಮೂಡುತ್ತದೆ. ಚಿಂಪಾಂಜಿಗಳಲ್ಲಿ ಅದಿದೆ ಎಂದು 1970ರಲ್ಲಿ ಗಾರ್ಡನ್ ಗ್ಯಾಲಪ್ ತೋರಿಸಿದರು; 2006ರಲ್ಲಿ ಏಷ್ಯಾದ ಆನೆಯೊಂದರಲ್ಲೂ ಕಂಡುಬಂತು. ಹೊರಗಿನಿಂದ ಬಂದು ಸೇರಿದ್ದಾಗಿದ್ದರೆ ತನ್ನರಿವು ಹೀಗೆ ಮಗುವಿನಲ್ಲಿ ಹಂತಹಂತವಾಗಿ, ಪ್ರಾಣಿಗಳಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಮೈದೋರಬೇಕಾಗಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ ಎಂದು ಪ್ರಾಮಾಣಿಕವಾಗಿ ಹೇಳಬೇಕು. ನರಕೋಶಗಳ ವಿದ್ಯುತ್ ಚಟುವಟಿಕೆಗೆ ಕೆಂಪು ಹೂವನ್ನು ಕಂಡಾಗಿನ ಆ ಅನುಭವವೇ ಏಕೆ ಜೊತೆಗೂಡಬೇಕು? ದಾರ್ಶನಿಕ ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನು ಪ್ರಜ್ಞೆಯ ಕಠಿಣ ಸಮಸ್ಯೆ ಎಂದು ಕರೆದರು. ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ. ಆದರೆ ಉತ್ತರವಿಲ್ಲದ ಜಾಗವನ್ನು ಹಳೆಯ ಉತ್ತರದಿಂದ ತುಂಬುವುದು ನ್ಯಾಯವಲ್ಲ. ದೇಹದಿಂದ ಬೇರೆಯಾದ ಚೇತನವೊಂದಿದೆ ಎಂದರೂ ಆ ಚೇತನಕ್ಕೆ ಕೆಂಪು ಕೆಂಪಾಗಿಯೇ ಏಕೆ ಕಾಣುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದು ದೇಹವನ್ನು ಹೇಗೆ ಅಲುಗಿಸುತ್ತದೆ ಎಂಬ ಇನ್ನೊಂದು ಪ್ರಶ್ನೆ ಮೇಲೆ ಬೀಳುತ್ತದೆ. ಪ್ರಜ್ಞೆ ಹೇಗೆ ಉಂಟಾಗುತ್ತದೆ ಎಂಬುದು ಪೂರ್ತಿ ತಿಳಿದಿಲ್ಲದಿದ್ದರೂ, ಎಲ್ಲಿ ಉಂಟಾಗುತ್ತದೆ, ಏನನ್ನು ತೆಗೆದರೆ ಇಲ್ಲವಾಗುತ್ತದೆ ಎಂಬುದು ತಿಳಿದಿದೆ.

ಕೊನೆಯ ಆಕ್ಷೇಪ ನೈತಿಕವಾದದ್ದು, ಜನರನ್ನು ನಿಜವಾಗಿ ಕಾಡುವುದೂ ಅದೇ: ಮನಸ್ಸು ಮಿದುಳಿನ ಕೆಲಸವಾದರೆ ಮನುಷ್ಯ ಬೆಲೆ ಕಳೆದುಕೊಳ್ಳುವುದಿಲ್ಲವೆ, ತಪ್ಪಿಗೆ ಹೊಣೆ ಯಾರು? ಪ್ರೀತಿಗೆ ಬೆಲೆ ಬರುವುದು ಅದು ಯಾವುದರಿಂದ ಆಗಿದೆ ಎಂಬುದರಿಂದಲ್ಲ, ಅದು ಯಾರಿಗಾಗಿ ಏನು ಮಾಡುತ್ತದೆ ಎಂಬುದರಿಂದ. ಕಾರಣಗಳನ್ನು ತೂಗಿ, ಪರಿಣಾಮ ಊಹಿಸಿ, ತನ್ನನ್ನು ತಿದ್ದಿಕೊಳ್ಳಬಲ್ಲ ಮಿದುಳು ಇರುವವರೆಗೆ ಹೊಣೆಯೂ ಇರುತ್ತದೆ. ಆ ಶಕ್ತಿ ಕಾಯಿಲೆಯಿಂದ ಕುಗ್ಗಿದಷ್ಟು ಹೊಣೆ ಕುಗ್ಗುತ್ತದೆ. ಬುದ್ಧಿಸ್ವಾಧೀನವಿಲ್ಲದೆ ನಡೆದ ಕೃತ್ಯವನ್ನು ನ್ಯಾಯಾಲಯಗಳು ಬೇರೆಯಾಗಿ ನೋಡುವುದು ಇದಕ್ಕೇ. ಮನುಷ್ಯರ ಬೆಲೆಯನ್ನು ಹೆಚ್ಚು ಕಳೆದಿರುವುದು ವಿರುದ್ಧ ನಂಬಿಕೆ. ಮನಸ್ಸು ದೇಹದ್ದಲ್ಲ ಎಂದುಕೊಂಡಾಗ ಅದರ ಕಾಯಿಲೆ ಪಾಪದ ಫಲವಾಗುತ್ತದೆ, ಸ್ವಭಾವದ ದೌರ್ಬಲ್ಯವಾಗುತ್ತದೆ, ಇಲ್ಲವೇ ದೆವ್ವವಾಗುತ್ತದೆ; ಬೇವಿನ ಸೊಪ್ಪಿನ ಏಟು, ಸರಪಳಿ, ಮನೆಯ ಮಾನಕ್ಕಾಗಿ ಮುಚ್ಚಿಡುವ ಕೋಣೆ ಅದರ ಹಿಂದೆಯೇ ಬರುತ್ತವೆ. ಜಾತ್ರೆಯಲ್ಲಿ ಮೈಮೇಲೆ ಬರುವುದೆಲ್ಲ ರೋಗವೆಂದು ನಾನು ಹೇಳುತ್ತಿಲ್ಲ. ಕಲಿತ ಆವೇಶವೂ ಮಿದುಳಿನ ಒಂದು ಸಾಮರ್ಥ್ಯವೇ. ಆದರೆ 2007ರಲ್ಲಿ ಜೋಸೆಪ್ ದಾಲ್ಮಾವ್ ಮತ್ತು ಸಂಗಡಿಗರು ಗುರುತಿಸಿದ ಒಂದು ಬಗೆಯ ಮಿದುಳಿನ ಉರಿಯೂತದಲ್ಲಿ ದೇಹದ ಪ್ರತಿಕಾಯಗಳೇ ನರಕೋಶಗಳ ಗ್ರಾಹಕಗಳ ಮೇಲೆ ಬೀಳುತ್ತವೆ. ಚೆನ್ನಾಗಿದ್ದ ಹುಡುಗಿಯೊಬ್ಬಳು ಕೆಲವೇ ದಿನಗಳಲ್ಲಿ ಚೀರುತ್ತಾಳೆ, ಇಲ್ಲದ್ದನ್ನು ಕಾಣುತ್ತಾಳೆ, ಸೆಟೆದು ಬೀಳುತ್ತಾಳೆ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ; ತಾಯತದ ಮೇಲೆ ಕಳೆದ ವಾರಗಳನ್ನು ಮರಳಿ ಪಡೆಯಲಾಗದು. ಥೈರಾಯ್ಡ್ ಕೊರತೆ, ಬಿ-12 ಕೊರತೆಗಳಿಂದ ಮಂಕಾದ ಮನಸ್ಸನ್ನು ಅಗ್ಗದ ರಕ್ತಪರೀಕ್ಷೆಯೊಂದು ಗುರುತಿಸಬಲ್ಲದು. ಮನಸ್ಸಿಗೆ ದೇಹವೇ ಆಧಾರ ಎಂದು ಒಪ್ಪಿದವರು ಮಾತ್ರ ಆ ಪರೀಕ್ಷೆ ಮಾಡಿಸುತ್ತಾರೆ. ಗರ್ಭಿಣಿಯ ಆಹಾರ, ಉಪ್ಪಿನಲ್ಲಿನ ಅಯೋಡಿನ್, ಮಗುವಿನ ನಿದ್ದೆ, ಮೂರ್ಛೆಯ ಮಾತ್ರೆ ತಪ್ಪದಂತೆ ಸಿಗುವ ಸರ್ಕಾರಿ ಆಸ್ಪತ್ರೆ ಇವೆಲ್ಲ ಆಗ ಬರಿಯ ದೇಹದ ವಿಷಯಗಳಾಗಿ ಉಳಿಯುವುದಿಲ್ಲ; ಒಬ್ಬ ವ್ಯಕ್ತಿ ವ್ಯಕ್ತಿಯಾಗಿ ಉಳಿಯುವ ವಿಷಯಗಳಾಗುತ್ತವೆ. ಆತ್ಮದ ಬಗ್ಗೆ ಆವನಿಯವರೂ ನರಸಿಂಹತೀರ್ಥದವರೂ ವಾದ ಮುಂದುವರಿಸಲಿ, ಅದು ನಮ್ಮ ನಾಡಿನ ಒಳ್ಳೆಯ ಅಭ್ಯಾಸ. ಆದರೆ ಮನೆಯಲ್ಲೊಬ್ಬರ ಮಾತು, ನೆನಪು, ನಡತೆ ಹಠಾತ್ತನೆ ಬದಲಾದಾಗ ಯಾರ ಬಳಿಗೆ ಮೊದಲು ಹೋಗಬೇಕು ಎಂಬ ಪ್ರಶ್ನೆ ಆ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಅದಕ್ಕೆ ಉತ್ತರ ಸಿಕ್ಕಾಗಿದೆ.